ಒಂದು ಹಲ್ಲು ಬಲಕ್ಕೆ

ಊರಿಗೆಲ್ಲ ಕಾರು ಕಲಿಸುವ ಮನುಷ್ಯ ತಾನೇ ಕಾರು ಓಡಿಸಿ ವರ್ಷದ ಮೇಲಾಗಿತ್ತು. ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಬೆಳಗಿನ ಮೊದಲ ಶಿಷ್ಯ ಮನೆ ಮುಂದಿನಿಂದ ಗಾಡಿ ತೆಗೆಯುತ್ತಿದ್ದ. ಸಂಜೆಯ ಕೊನೆಯ ಶಿಷ್ಯ ಅಲ್ಲೇ ತಂದು ನಿಲ್ಲಿಸಿ, ಕೀ ಕೊಟ್ಟು, ‘ಬರ್ತೀನಿ ಮೇಷ್ಟ್ರೇ’ ಎಂದು ತನ್ನ ಮನೆಗೆ ನಡೆದುಕೊಂಡು ಹೋಗುತ್ತಿದ್ದ. ನಡುವೆ ಹೆಂಡತಿಯ ತರಕಾರಿ, ಗ್ಯಾಸ್ ಸಿಲಿಂಡರು, ನೆಂಟರನ್ನು ಬಸ್‌ಸ್ಟ್ಯಾಂಡಿಗೆ ಬಿಡುವುದು, ಎಲ್ಲವೂ ‘ಟ್ರಾಫಿಕ್ ಪ್ರಾಕ್ಟೀಸ್’ ಎಂಬ ಹೆಸರಿನಲ್ಲಿ ಬಿಟ್ಟಿಯಾಗಿ ನಡೆದುಹೋಗುತ್ತಿದ್ದವು. ಅವನ ಜಾಗ ಪಕ್ಕದ ಸೀಟು. ಅಲ್ಲಿ ಅವನ ಕಾಲಿಗೆ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಹಾಕಿಸಿತ್ತು. ಆ ಬ್ರೇಕನ್ನು ಒತ್ತಿ ಒತ್ತಿ ಅವನ ಬಲಗಾಲು ಎಂಥ ಪರಿಣತಿ ಪಡೆದಿತ್ತೆಂದರೆ, ಊಟಕ್ಕೆ ಕೂತಾಗ ಹೆಂಡತಿ ‘ಒಂದು ಮಾತು’ ಎಂದು ಶುರುಮಾಡಿದರೂ ಸಾಕು, ಮೇಜಿನ ಕೆಳಗೆ ಅದು ತಾನಾಗಿ ನೆಲ ಒತ್ತುತ್ತಿತ್ತು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

ಅಂದು ಅಕ್ಕನ ಲೈಸೆನ್ಸ್ ಪರೀಕ್ಷೆ. ಉಳಿದ ಶಿಷ್ಯರಿಗೆಲ್ಲ ರಜೆ ಕೊಟ್ಟಿದ್ದ. ಅಕ್ಕ ಸ್ನಾನಕ್ಕೆ ಹೋದದ್ದು ನೋಡಿ, ಅಷ್ಟರಲ್ಲಿ ಟೈರಿಗೆ ಗಾಳಿ ತುಂಬಿಸಿಕೊಂಡು ಬರೋಣ ಎಂದು ಹೊರಟವನು ಅಭ್ಯಾಸಬಲದಿಂದ ಪಕ್ಕದ ಬಾಗಿಲು ತೆಗೆದು ಕೂತ, ಬೆಲ್ಟು ಹಾಕಿಕೊಂಡ, ಕೈಕಟ್ಟಿ ಸ್ವಲ್ಪ ಹೊತ್ತು ಕಾದ. ಯಾರೂ ಗಾಡಿ ಸ್ಟಾರ್ಟ್ ಮಾಡಲಿಲ್ಲ. ಆಮೇಲೆ ಇಳಿದು, ಆಚೀಚೆ ನೋಡಿ, ಆ ಕಡೆ ಹೋಗಿ ಕೂತ. ಸೀಟು ಯಾರದೋ ಗಿಡ್ಡ ಕಾಲಿನ ಅಳತೆಗೆ ಮುಂದೆ ಬಂದು ನಿಂತಿತ್ತು. ಮಂಡಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಬೇರೆಯವರ ಮನೆಯ ಹಾಸಿಗೆಯಲ್ಲಿ ಎಚ್ಚರವಾದ ಹಾಗೆ ಅನ್ನಿಸಿ, ನಾಚಿಕೆಯಾಯಿತು. ಗೋಡೌನುಗಳ ಉದ್ದ ಗೋಡೆಯ ಪಕ್ಕ ಖಾಲಿ ರಸ್ತೆ. ಅಲ್ಲೇ ಅವನು ಎಲ್ಲರಿಗೂ ಮೊದಲ ಪಾಠ ಮಾಡುವುದು. ಸ್ಟೀರಿಂಗ್‌ನ ಸುತ್ತಿನಲ್ಲಿ ನೇರ ತೋರಿಸಲೆಂದಿದ್ದ ಹಳದಿ ಪಟ್ಟಿಯನ್ನು ಅದರ ನೆತ್ತಿಗೆ ತಂದುಕೊಂಡು, ಎರಡೂ ಕೈ ಸಮ ಇಟ್ಟು, ನೇರ ಹೊರಟ. ಗಾಡಿ ಮೆಲ್ಲಗೆ ಎಡಕ್ಕೆ, ಗೋಡೆಯ ಕಡೆಗೆ ಹೋಯಿತು. ಸರಿಮಾಡಿದ. ಮತ್ತೆ ಹೋಯಿತು. ‘ಯಾಕ್ರೀ ಎಡಕ್ಕೆ ಹೋಗ್ತೀರಿ, ಗೋಡೆಗೆ ಮುತ್ತು ಕೊಡಬೇಕಾ?’ ಎಂದು ದಿನಕ್ಕೆ ಹತ್ತಾರು ಸಲ ಕಿರುಚುವ ಮಾತು ತನ್ನದೇ ಗಂಟಲಿನಲ್ಲಿ ಎದ್ದು, ಯಾರ ಮೇಲೆ ಬೀಳಬೇಕೆಂದು ಗೊತ್ತಾಗದೆ ಅಲ್ಲೇ ಕೂತಿತು.

ಕೈ ಮರೆತಿದೆ ಅಂದುಕೊಂಡ. ವಯಸ್ಸಾಯಿತು ಅಂದುಕೊಂಡ. ಎಡಗಡೆ ಟೈರಿನಲ್ಲಿ ಗಾಳಿ ಕಡಿಮೆ ಇರಬೇಕು ಅಂದುಕೊಂಡು, ಇಳಿದು ಒದ್ದು ನೋಡಿದ; ಗಟ್ಟಿಯಾಗಿತ್ತು. ಕೊನೆಗೆ ಶಿಷ್ಯರಿಗೆ ಯಾವತ್ತೂ ಮಾಡಗೊಡದ ಕೆಲಸ ಮಾಡಿದ: ಓಡುತ್ತಿರುವ ಗಾಡಿಯ ಸ್ಟೀರಿಂಗ್‌ನಿಂದ ಎರಡೂ ಕೈ ತೆಗೆದುಬಿಟ್ಟ. ಗಾಡಿ ಗೋಡೆಯ ಪಕ್ಕ ದಾರ ಎಳೆದ ಹಾಗೆ ನೇರ ಹೋಯಿತು. ಸ್ಟೀರಿಂಗ್ ಮಾತ್ರ ಬಲಕ್ಕೆ ವಾಲಿಕೊಂಡು, ಯಾರೋ ಹೇಳಿದ ಗುಟ್ಟು ಕೇಳಿಸಿಕೊಳ್ಳುವವರ ತಲೆಯಂತೆ ನಿಂತಿತ್ತು. ಬ್ರೇಕ್ ಹಾಕಿ ನಿಲ್ಲಿಸಿದ. ಇಳಿದು, ಸುತ್ತುಹಾಕಿ, ತನ್ನ ಜಾಗದಲ್ಲಿ ಕೂತು ನೋಡಿದ. ಸ್ಟೀರಿಂಗ್ ನೆಟ್ಟಗಿತ್ತು, ಹಳದಿ ಪಟ್ಟಿ ನೆತ್ತಿಯಲ್ಲಿತ್ತು. ಮತ್ತೆ ಈ ಕಡೆ ಬಂದು ನೋಡಿದ. ವಾಲಿತ್ತು. ಮತ್ತೆ ಆ ಕಡೆ. ನೆಟ್ಟಗೆ. ಗೋಡೌನಿನ ವಾಚ್‌ಮನ್ ಬಹಳ ಹೊತ್ತಿನಿಂದ ನೋಡುತ್ತಿದ್ದಿರಬೇಕು, ಗೇಟಿನ ಬಳಿಯಿಂದಲೇ ಕೇಳಿದ.

“ಏನ್ ಮೇಷ್ಟ್ರೇ, ಇವತ್ತು ಕಲಿಸೋರೂ ನೀವೇ, ಕಲಿಯೋರೂ ನೀವೇನಾ?”

“ಪೆನ್ನು ಬಿದ್ದಿದೆ, ಹುಡುಕ್ತಾ ಇದೀನಿ.”

“ಸಿಕ್ಕಿದ್ರೆ ಬೈಬೇಡಿ ಅದನ್ನ,” ಅಂದ ವಾಚ್‌ಮನ್. ಈ ಗೋಡೆಯ ಪಕ್ಕದ ಬೈಗುಳಗಳನ್ನೆಲ್ಲ ಕೇಳಿಸಿಕೊಂಡೇ ಅವನ ಕೂದಲು ಬೆಳ್ಳಗಾಗಿತ್ತು.

ಹಳೆಯ ಸ್ಟೀರಿಂಗ್ ಶಿಷ್ಯರ ಬೆವರಿಗೆ ಸಿಪ್ಪೆ ಬಿಟ್ಟು, ಹಿಡಿದವರ ಅಂಗೈಯೆಲ್ಲ ಕರಿ ಮಾಡುತ್ತಿತ್ತು. ಕಳೆದ ವರ್ಷ ಬಿಡಿಭಾಗದ ಅಂಗಡಿಗೆ ಹೋದವನು, ಗಾಡಿಯ ಜೊತೆ ಬಂದಂಥದ್ದನ್ನೇ ಕೇಳದೆ, ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ್ದ ಇದನ್ನು ತೋರಿಸಿದ: ಚಿಕ್ಕದು, ದಪ್ಪ ಹಿಡಿಯದು, ಕರಿ ಚರ್ಮ, ನೆತ್ತಿಯಲ್ಲೊಂದು ಹಳದಿ ಪಟ್ಟಿ. ರೇಸಿನವರು ಹಾಕಿಕೊಳ್ಳುವಂಥದು. ಗಂಟೆಗೆ ಇಪ್ಪತ್ತು ಕಿಲೋಮೀಟರು ಮೀರದ ತನ್ನ ಗಾಡಿಗೆ ಅದು ಯಾಕೆ ಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಒಳಗಿನ ಕಂಬಿಯ ತುದಿಗೆ ಸುತ್ತಲೂ ಸಣ್ಣ ಹಲ್ಲು, ಸ್ಟೀರಿಂಗ್‌ನ ನಡುವಿನ ತೂತಿಗೂ ಹಲ್ಲು. ಹಲ್ಲಿಗೆ ಹಲ್ಲು ಕೂರಿಸಿ ನಟ್ಟು ಬಿಗಿದರೆ ಮುಗಿಯಿತು. ‘ನೇರ ರಸ್ತೇಲಿ ಓಡಿಸಿ ನೋಡಿ ಬಿಗೀರಿ’ ಎಂದು ಅಂಗಡಿಯವನು ಹೇಳಿದ್ದಕ್ಕೆ ‘ನಂಗೇ ಹೇಳ್ತೀಯಾ’ ಎಂದು ನಕ್ಕು ಬಂದಿದ್ದ. ಹಾಗೇ ಮಾಡಿದ ಕೂಡ. ಒಬ್ಬ ಶಿಷ್ಯನ ಕೈಲಿ ನೇರ ಓಡಿಸಿ ನೋಡಿದ. ತನ್ನ ಸೀಟಿನಲ್ಲಿ ಕೂತು ನೋಡಿದ. ಅಲ್ಲಿಂದ ಅದು ಚೂರು ಎಡಕ್ಕೆ ವಾಲಿದಂತೆ ಕಂಡಿತು. ಬಿಚ್ಚಿ ಒಂದು ಹಲ್ಲು ಬಲಕ್ಕೆ ಸರಿಸಿ ಬಿಗಿದ. ಇಷ್ಟು ವರ್ಷ ಆ ಸೀಟಿನಿಂದಲೇ ಜಗತ್ತನ್ನು ನೋಡಿ, ತಪ್ಪು ಹುಡುಕಿ, ಕಿರುಚಿ, ಒತ್ತಿ ನಿಲ್ಲಿಸಿದವನಿಗೆ, ಸ್ಟೀರಿಂಗನ್ನು ಅದರ ಎದುರಿಗೆ ಕೂತೇ ನೋಡಬೇಕೆಂಬುದು ಹೊಳೆಯಲಿಲ್ಲ. ‘ಈಗ ನೆಟ್ಟಗಿದೆ ಅಲ್ವೇನಯ್ಯಾ?’ ಎಂದು ಶಿಷ್ಯನನ್ನು ಕೇಳಿದ್ದ. ಅವನು ಹಿಂದಿನ ದಿನವಷ್ಟೇ ಸೇರಿದವನು. ‘ನೀವು ಹೇಳಿದ ಮೇಲೆ ನೆಟ್ಟಗೇ ಸಾರ್’ ಅಂದಿದ್ದ.

ಆಮೇಲೆ ವರ್ಷವೆಲ್ಲ ಕಲಿತವರು ಹೀಗೆ ಕಲಿತರು. ಬಂದ ಹೊಸದರಲ್ಲಿ ಪ್ರತಿಯೊಬ್ಬರೂ ಗೋಡೆಯ ಕಡೆ ಹೋಗುತ್ತಿದ್ದರು, ಇವನು ಕಿರುಚುತ್ತಿದ್ದ, ಕಿರುಚಿಸಿಕೊಂಡು ಕಿರುಚಿಸಿಕೊಂಡು ಅವರ ಕೈ ಬಲಕ್ಕೆ ವಾಲುವುದನ್ನೇ ನೇರ ಎಂದು ತಿಳಿಯುತ್ತಿತ್ತು, ಎಲ್ಲರೂ ಪಾಸಾಗುತ್ತಿದ್ದರು. ಒಬ್ಬರೂ ಫೇಲಾಗಿಲ್ಲ ಎಂದು ಬೋರ್ಡಿನ ಮೇಲೆ ಬರೆಸಿದ್ದ. ಪಾಸಾದವರು ಮನೆಗೆ ಹೋಗಿ ತಮ್ಮ ತಮ್ಮ ನೆಟ್ಟಗಿನ ಗಾಡಿಗಳಲ್ಲಿ ಕೂತು ಏನು ಮಾಡಿದರೆಂಬುದು ಈಗ ಒಂದೊಂದಾಗಿ ಹೊಳೆಯಿತು. ಬೀದಿ ಕೊನೆಯ ಡೆಂಟಿಂಗ್ ಅಂಗಡಿಯವನು ಇವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ‘ನಿಮ್ಮ ದಯೆ ಮೇಷ್ಟ್ರೇ. ಎಲ್ಲಾ ಬಲಗಡೇನೇ ಬರ್ತಾವೆ. ಬಲಗಡೆ ಬಾಗಿಲು ತರಿಸಿ ತರಿಸಿ ಸಾಕಾಯ್ತು, ಎಡಗಡೇದು ಒಂದೂ ಖರ್ಚಾಗಲ್ಲ.’ ಊರಿನ ಗೇಟುಗಳ ಬಲಗಡೆ ಕಂಬಗಳೆಲ್ಲ ಮೂಲೆ ಕಳೆದುಕೊಂಡು, ದನ ಮೈ ಉಜ್ಜಿದ ಮರದ ಹಾಗೆ ನುಣ್ಣಗಾಗಿದ್ದವು. ಅದಕ್ಕೂ ತನಗೂ ಸಂಬಂಧವಿದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಈ ಕಾಲದವರಿಗೆ ಅಳತೆಯೇ ಗೊತ್ತಿಲ್ಲ ಎಂದು ಡೆಂಟಿಂಗ್‌ನವನ ಜೊತೆ ಚಹಾ ಕುಡಿದು ಬೇಸರಪಟ್ಟಿದ್ದ.

ಹಾಗಂತ ಯಾರೂ ಹೇಳಿರಲಿಲ್ಲ ಎನ್ನುವಂತಿಲ್ಲ. ಒಬ್ಬಳು ಹೇಳಿದ್ದಳು. ಮೊದಲ ದಿನ, ಇದೇ ಗೋಡೆಯ ಪಕ್ಕ, ಸೀಟಿನಲ್ಲಿ ಕೂತು, ಕೀ ತಿರುಗಿಸುವ ಮೊದಲೇ ಅಕ್ಕ ಹೇಳಿದ್ದಳು, ‘ಪುಟ್ಟ, ಇದು ವಾರೆ ಇದೆಯಲ್ಲೋ.’ ಹಿಂದಿನ ಸೀಟಿನಲ್ಲಿ ಸರದಿಗೆ ಕಾಯುತ್ತ ಇಬ್ಬರು ಶಿಷ್ಯರು ಕೂತಿದ್ದರು. ಐವತ್ತು ದಾಟಿದ ಮೇಷ್ಟ್ರನ್ನು ‘ಪುಟ್ಟ’ ಎಂದದ್ದಕ್ಕೇ ಅವರು ಕಿಟಕಿಯ ಆಚೆ ನೋಡಿ ತುಟಿ ಕಚ್ಚಿಕೊಂಡಿದ್ದರು. ಅವನಿಗೆ ಏನಾದರೂ ಹೇಳಲೇಬೇಕಿತ್ತು. ‘ಸ್ಟೀರಿಂಗ್ ನೆಟ್ಟಗೇ ಇದೆ ಅಕ್ಕ, ನಿನ್ನ ಕಣ್ಣು ವಾರೆ’ ಅಂದ. ಶಿಷ್ಯರು ನಕ್ಕರು. ಅಕ್ಕನೂ ನಕ್ಕಳು. ಅವಳ ಎಡಗಣ್ಣು ಹುಟ್ಟಿನಿಂದ ಮೆಳ್ಳೆ. ಎದುರು ನಿಂತು ಮಾತಾಡಿದರೂ ಅದು ನಿಮ್ಮ ಭುಜದಾಚೆ ಯಾರನ್ನೋ ಕಾಯುತ್ತಿರುತ್ತದೆ. ಬೀದಿಯ ಮಕ್ಕಳು ಅವಳನ್ನು ‘ಮೆಳ್ಳೆ’ ಎಂದು ಕೂಗುತ್ತಿದ್ದಾಗ, ಅವರಲ್ಲೊಬ್ಬನ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿ ಮನೆಗೆ ಓಡಿ ಬಂದು ಅವಳ ಲಂಗದ ಹಿಂದೆ ಅಡಗಿದ್ದವನು ಇವನೇ. ಆ ಮಾತನ್ನು ಐವತ್ತು ವರ್ಷ ಅವಳ ಹತ್ತಿರ ಬರಗೊಡದೆ ಕಾದು, ತನ್ನ ಕೈಯಾರೆ ತಂದುಕೊಟ್ಟ ಹಾಗಾಯಿತು. ನಗು ನಿಂತ ಮೇಲೂ ಅಕ್ಕ ಸ್ವಲ್ಪ ಹೊತ್ತು ಸ್ಟೀರಿಂಗನ್ನೇ ನೋಡುತ್ತಿದ್ದಳು. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ.

ಎತ್ತಲಿಲ್ಲ, ಆದರೆ ಒಂದು ದಾರ ಕಟ್ಟಿದಳು. ಅಕ್ಕ ಬಟ್ಟೆ ಹೊಲಿಯುವವಳು. ಕಣ್ಣಿಗೆ ಅನುಮಾನ ಬಂದ ಕಡೆ ಗುರುತು ಹಾಕಿಕೊಳ್ಳುವುದು ಅವಳ ಕಸುಬು. ಗಾಡಿ ನೇರ ಹೋಗುತ್ತಿದ್ದಾಗ ಸ್ಟೀರಿಂಗ್‌ನ ಯಾವ ಜಾಗ ನೆತ್ತಿಗೆ ಬಂತೋ ಅಲ್ಲಿಗೆ, ಹಳದಿ ಪಟ್ಟಿಯಿಂದ ಎರಡು ಬೆರಳು ಎಡಕ್ಕೆ, ಕೆಂಪು ದಾರ ಸುತ್ತಿ, ತುದಿ ಕಾಣದ ಹಾಗೆ ಒಳಗೆ ಸಿಕ್ಕಿಸಿದ್ದಳು. ‘ಇದು ಮೇಲೆ ಬಂದ್ರೆ ನೇರ’ ಅಂದಿದ್ದಳು. ‘ಕಂಪನಿಯವನು ಹಳದಿ ಹಾಕಿದಾನೆ, ನಮ್ಮಕ್ಕ ಕೆಂಪು ಹಾಕಿದಾಳೆ, ಇನ್ನೊಂದು ಹಸಿರು ಹಾಕಿದ್ರೆ ಸಿಗ್ನಲ್ ಆಗುತ್ತೆ’ ಎಂದು ಇವನು ಎಲ್ಲರಿಗೂ ಹೇಳಿಕೊಂಡು ನಗಿಸಿದ್ದ. ಆದರೆ ದಾರ ಕಟ್ಟಿದ ಮೇಲೆ ಅಕ್ಕ ಗೋಡೆಯ ಕಡೆ ಹೋಗಲಿಲ್ಲ. ಈಗ ನಿಂತ ಗಾಡಿಯಲ್ಲಿ, ನೆಟ್ಟಗೆ ನಿಂತ ಚಕ್ರಗಳ ಮೇಲೆ, ಆ ದಾರ ಸರಿಯಾಗಿ ನೆತ್ತಿಯಲ್ಲಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇಡೀ ಊರಿನಲ್ಲಿ ನೆಟ್ಟಗೆ ನೋಡಿದ್ದು ಆ ಮೆಳ್ಳೆಗಣ್ಣೊಂದೇ.

ಹಾಗೇ ಬಿಟ್ಟಿದ್ದರೆ ಅವಳು ಅಂದು ಪಾಸಾಗುತ್ತಿದ್ದಳು. ಇದು ಅವನಿಗೆ ಆಗಲೇ ಗೊತ್ತಿತ್ತೋ, ಆಮೇಲೆ ಗೊತ್ತಾಯಿತೋ, ಎಷ್ಟು ಯೋಚಿಸಿದರೂ ಅವನಿಗೆ ತೀರ್ಮಾನಿಸಲಾಗಲಿಲ್ಲ. ಸೊಟ್ಟಗಿದೆ ಎಂದು ಒಮ್ಮೆ ಕಂಡ ಮೇಲೆ ಕೈ ಸುಮ್ಮನಿರಲಿಲ್ಲ, ಅಷ್ಟೇ. ತನ್ನಷ್ಟಕ್ಕೆ ಕಾರಣಗಳನ್ನು ಹೇಳಿಕೊಂಡ: ನಾಳೆ ಅವಳು ನರ್ಸರಿಯ ವ್ಯಾನು ಓಡಿಸಬೇಕು, ಅದು ನೆಟ್ಟಗಿರುತ್ತದೆ, ಗಿಡಗಳ ಸಮೇತ ಯಾವುದಾದರೂ ಗೇಟಿನ ಕಂಬಕ್ಕೆ ಹೋಗುವುದಕ್ಕಿಂತ ಈಗಲೇ ಸರಿಯಾಗಲಿ. ಒಳ್ಳೆಯ ಕಾರಣವೇ. ಗಿಡ ಮಾರುವ ನರ್ಸರಿಯ ಯಜಮಾನಿ ಅಕ್ಕನಿಗೆ ವ್ಯಾನು ಓಡಿಸುವ ಕೆಲಸದ ಮಾತು ಕೊಟ್ಟಿದ್ದಳು: ‘ಇವತ್ತು ಪಾಸಾದ್ರೆ ನಾಳೆಯಿಂದಲೇ ಬನ್ನಿ, ಹಿಂದಿನ ರೂಮೂ ನಿಮ್ದೇ. ಆಗ್ಲಿಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ ಅಮ್ಮ, ಗಿಡ ಕಾಯಲ್ಲ.’ ಭಾವ ಹೋದ ಮೇಲೆ ಅಕ್ಕ ಇವನ ಮನೆಯ ಹಾಲ್‌ನಲ್ಲಿ, ಬಾಗಿಲ ಹಿಂದೆ, ಹೊಲಿಗೆ ಮಷೀನಿನ ಪಕ್ಕ ಮಲಗುತ್ತಿದ್ದಳು. ಬಾಗಿಲು ಪೂರ್ತಿ ತೆಗೆದರೆ ಮಷೀನಿಗೆ ತಗಲುತ್ತದೆ ಎಂದು ಮನೆಯವರೆಲ್ಲ ಓರೆಯಾಗಿ ಒಳಗೆ ಬರುವುದನ್ನು ಕಲಿತಿದ್ದರು. ಹೆಂಡತಿಯೂ ಅಕ್ಕನೂ ಜಗಳವಾಡುತ್ತಿರಲಿಲ್ಲ. ಆಡಿದ್ದರೆ ಅವನಿಗೆ ಬಿಡಿಸುವ ಕೆಲಸವಾದರೂ ಇರುತ್ತಿತ್ತು. ‘ನೀವು ಮೊದಲು ಸ್ನಾನ ಮಾಡಿ,’ ‘ಇಲ್ಲಮ್ಮ, ನೀನು ಮಾಡು’ ಎಂದು ಬಚ್ಚಲ ಬಾಗಿಲಲ್ಲಿ ನೀರು ಆರುವ ತನಕ ಮರ್ಯಾದೆ ಮಾಡಿಕೊಳ್ಳುತ್ತಿದ್ದರು. ಅವಳು ಹೋಗಲಿ ಎಂದು ಅವನಿಗಿತ್ತೋ, ಹೋಗದಿರಲಿ ಎಂದಿತ್ತೋ? ನಲವತ್ತು ದಿನದಿಂದ ಅವಳಿಗೆ ಕಲಿಸುತ್ತಿದ್ದವನು, ಅವಳು ಪ್ರತಿ ಸಲ ಗೇರು ಸರಿಯಾಗಿ ಹಾಕಿದಾಗಲೂ ಎದೆಯಲ್ಲಿ ಏನೋ ಕುಸಿದ ಹಾಗಾಗುವುದನ್ನು ಗಮನಿಸಿ, ಅದಕ್ಕೆ ಗ್ಯಾಸ್ಟ್ರಿಕ್ ಎಂದು ಹೆಸರಿಟ್ಟಿದ್ದ.

ಡಿಕ್ಕಿಯ ರಿಪೇರಿ ಸಾಮಾನಿನ ಪೆಟ್ಟಿಗೆಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು. ಹಾರನ್ನಿನ ಮುಚ್ಚಳ ಎಬ್ಬಿಸಿ, ನಟ್ಟು ಬಿಚ್ಚಿ, ಪೂರ್ತಿ ತೆಗೆದು ಪಕ್ಕಕ್ಕಿಟ್ಟ. ನಟ್ಟನ್ನು ಪೂರ್ತಿ ತೆಗೆಯಬಾರದು, ಎರಡು ಸುತ್ತು ಬಿಟ್ಟು ಎಳೆಯಬೇಕು, ಇಲ್ಲದಿದ್ದರೆ ಕಿತ್ತುಬಂದ ಸ್ಟೀರಿಂಗ್ ಮುಖಕ್ಕೆ ಬಡಿಯುತ್ತದೆ. ಇದನ್ನು ಅವನೇ ಎಷ್ಟೋ ಜನಕ್ಕೆ ಹೇಳಿದ್ದ. ಮಂಡಿ ಕೊಟ್ಟು ಎಳೆದ, ಅಲ್ಲಾಡಿಸಿದ, ಬೈದ, ಮತ್ತೆ ಎಳೆದ. ಅದು ಕಿತ್ತುಬಂದು ಬಾಯಿಗೆ ಬಡಿಯಿತು. ಕಣ್ಣು ಕತ್ತಲೆಯಾಗಿ, ಸ್ಟೀರಿಂಗನ್ನು ತಟ್ಟೆಯ ಹಾಗೆ ತೊಡೆಯ ಮೇಲಿಟ್ಟುಕೊಂಡು, ತುಟಿಯ ರಕ್ತ ನುಂಗುತ್ತ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಒಂದು ಹಲ್ಲು ಎಡಕ್ಕೆ ಸರಿಸಿ ಕೂರಿಸಿದ, ಬಿಗಿದ, ಗೋಡೆಯ ಪಕ್ಕ ಓಡಿಸಿ ನೋಡಿದ. ಹಳದಿ ಪಟ್ಟಿ ನೆತ್ತಿಯಲ್ಲಿ, ಗಾಡಿ ನೇರ. ಕೆಂಪು ದಾರ ಈಗ ಎರಡು ಬೆರಳು ಎಡಕ್ಕೆ ಜಾರಿ ಕೂತಿತ್ತು. ಉಗುರಿನಿಂದ ಕೆದಕಿದ, ತುದಿಯೇ ಸಿಗಲಿಲ್ಲ. ಪೆಟ್ಟಿಗೆಯಲ್ಲಿ ಬ್ಲೇಡಿತ್ತು. ಕತ್ತರಿಸಿದರೆ ‘ದಾರ ಎಲ್ಲೋ?’ ಅನ್ನುತ್ತಾಳೆ. ಅಂದರೆ ಹೇಳಬೇಕು: ದಾರ ಯಾಕಿಲ್ಲ, ಸ್ಟೀರಿಂಗ್ ಯಾಕೆ ಬಿಚ್ಚಿದೆ, ಯಾರ ಕಣ್ಣು ವಾರೆ. ದಾರಿಯಲ್ಲಿ ನಿಧಾನಕ್ಕೆ ಹೇಳಿದರಾಯಿತು ಎಂದು ಬ್ಲೇಡನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಪಕ್ಕದ ಸೀಟಿನ ಮೇಲಿಟ್ಟ.

ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು, ಕೈಚೀಲ ಎದೆಗೊತ್ತಿಕೊಂಡು ಮನೆಯ ಗೇಟಿನಲ್ಲಿ ನಿಂತಿದ್ದಳು.

“ತುಟಿಗೇನಾಯ್ತೋ?”

“ಬಾಗಿಲು ತಗಲ್ತು.”

“ಬಾಗಿಲು ತುಟಿಗೆ ತಗಲುತ್ತೇನೋ?” ಅಂದಳು, ಆದರೆ ಮುಂದೆ ಕೇಳಲಿಲ್ಲ. ಅವನು ಸ್ಟೀರಿಂಗ್ ಮುಂದೆ ಕೂತಿರುವುದನ್ನು ನೋಡಿ ಹುಬ್ಬೇರಿಸಿದಳು. “ಇವತ್ತು ನೀನೇ ಓಡಿಸ್ತೀಯಾ? ಬರುತ್ತೇನೋ ನಿಂಗೆ?”

“ಪರೀಕ್ಷೆಗೆ ಮುಂಚೆ ನಿನ್ನ ಕೈ ದಣಿಯೋದು ಬೇಡ.”

“ಸರಿ ಬಿಡು, ಸಾಹುಕಾರ್ತಿ ಥರ ಹಿಂದೆ ಕೂತ್ಕೋತೀನಿ. ನಾಳೆಯಿಂದ ನಾನೇ ಡ್ರೈವರ್ ಅಲ್ವಾ, ಇವತ್ತೊಂದಿನ ಕೂತ್ಕೊಂಡುಬಿಡ್ತೀನಿ.”

ಕನ್ನಡಿಯಲ್ಲಿ ಅವಳ ಒಳ್ಳೆಯ ಕಣ್ಣು ರಸ್ತೆ ನೋಡುತ್ತಿತ್ತು, ಇನ್ನೊಂದು ಇವನನ್ನು. ಅಥವಾ ಅದರ ತಿರುವುಮುರುವೋ. ಚಿಕ್ಕಂದಿನಿಂದಲೂ ಅವನಿಗೆ ಇದು ಬಗೆಹರಿದಿರಲಿಲ್ಲ. ಪೆಟ್ರೋಲ್ ಬಂಕ್ ದಾಟಿದ ಮೇಲೆ ಹೇಳುತ್ತೇನೆ ಅಂದುಕೊಂಡ. ದಾಟುವಷ್ಟರಲ್ಲಿ ಅವಳು ನರ್ಸರಿಯ ರೂಮಿಗೆ ಪರದೆ ಹೊಲಿಯುವ ವಿಷಯ ತೆಗೆದಳು. ಸೇತುವೆ ಇಳಿದ ಮೇಲೆ ಅಂದುಕೊಂಡ. ಇಳಿದಾಗ ಅವಳು ಕಣ್ಣುಮುಚ್ಚಿ ಬಾಯಲ್ಲೇ ‘ಕ್ಲಚ್ಚು, ಒಂದನೇ ಗೇರು, ಬಿಡು, ಮೆಲ್ಲಗೆ’ ಎಂದು ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಇವನಿಗೆ ಅಕ್ಷರ ಕಲಿಸಿದ್ದೂ ಅವಳೇ. ಇವನ ಸಾಲುಗಳು ಗೆರೆ ಬಿಟ್ಟು ಗುಡ್ಡ ಹತ್ತುತ್ತಿದ್ದವು. ಅಪ್ಪ ಆಗಿದ್ದರೆ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದರು. ಅಕ್ಕ ಏನೂ ಅನ್ನದೆ, ಅವನು ಬರೆಯುತ್ತಿದ್ದ ಹಾಗೇ, ಅವನಿಗೆ ಗೊತ್ತಾಗದಂತೆ ಪುಸ್ತಕವನ್ನೇ ಚೂರು ಓರೆಯಾಗಿ ತಿರುಗಿಸಿ ಹಿಡಿಯುತ್ತಿದ್ದಳು. ಸಾಲು ನೆಟ್ಟಗೆ ಬರುತ್ತಿತ್ತು. ಬಹಳ ವರ್ಷ ತನ್ನ ಅಕ್ಷರ ಹುಟ್ಟಿನಿಂದಲೇ ಚೆಂದ ಎಂದು ನಂಬಿಕೊಂಡಿದ್ದ. ಇದು ನೆನಪಾಗಿ, ಈಗ ಹೇಳಲೇಬೇಕು ಎಂದು ಬಾಯಿ ತೆರೆದರೆ ಒಡೆದ ತುಟಿ ಉರಿಯಿತು, ಎದುರಿಗೆ ಪರೀಕ್ಷೆಯ ಮೈದಾನದ ಗೇಟು ಬಂತು, ಬೇರೆ ಸ್ಕೂಲಿನ ಮೇಷ್ಟ್ರು ಕೈಬೀಸಿ ‘ಓಹೋ, ಗುರುಗಳೇ ಸಾರಥಿ!’ ಎಂದರು.

ಇನ್ಸ್‌ಪೆಕ್ಟರು ಬಾಯಲ್ಲಿ ಬೆಂಕಿಕಡ್ಡಿ ಕಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಎರಡು ಸಾಲು ರಬ್ಬರ್ ಕೋನುಗಳ ನಡುವೆ, ಒಂದಕ್ಕೂ ತಗಲದೆ, ನೇರ ಆ ತುದಿ ಮುಟ್ಟಬೇಕು; ಅದಾದರೆ ಉಳಿದದ್ದೆಲ್ಲ ಲೆಕ್ಕಕ್ಕಿಲ್ಲ. ಕಲಿಸಿದವರು ಸುಣ್ಣದ ಗೆರೆಯ ಆಚೆ ನಿಲ್ಲಬೇಕು. ಅಕ್ಕ ಕೂತು, ಸೀಟು ಎಳೆದುಕೊಂಡು, ಸೆರಗು ಸಿಕ್ಕಿಸಿ, ದಾರವನ್ನು ನೆತ್ತಿಗೆ ತಂದುಕೊಂಡದ್ದು ಗೆರೆಯಾಚೆಯಿಂದಲೂ ಅವನಿಗೆ ಕಂಡಿತು. ಕ್ಲಚ್ಚು ಎಷ್ಟು ಮೆತ್ತಗೆ ಬಿಟ್ಟಳೆಂದರೆ ಬೇರೆ ಮೇಷ್ಟ್ರೊಬ್ಬರು ತಲೆದೂಗಿದರು. ಗಾಡಿ ಮೂರು ಕೋನು ದಾಟಿತು, ಬಲಕ್ಕೆ ವಾಲಿತು. ಗೆರೆಯಾಚೆ ನಿಂತವನ ಬಲಗಾಲು ಮಣ್ಣು ಒತ್ತಿತು. ನಾಲ್ಕನೆಯದು ಮೆಲ್ಲಗೆ ಉರುಳಿತು.

“ಇರ್ಲಿ, ಹೆದರಿದಾರೆ,” ಅಂದರು ಇನ್ಸ್‌ಪೆಕ್ಟರು. “ಮೇಷ್ಟ್ರೇ, ನಿಮ್ಮ ಅಕ್ಕ ಅಂತೆ. ಹೋಗಿ ಧೈರ್ಯ ಹೇಳಿ ಬನ್ನಿ, ಇನ್ನೊಂದ್ಸಲ ಮಾಡ್ಲಿ.”

ಗಾಡಿ ವಾಪಸ್ಸು ಬಂದು ನಿಂತಿತ್ತು. ಕಿಟಕಿಯ ಹತ್ತಿರ ಹೋಗಿ ಬಗ್ಗಿದ. ಇನ್ಸ್‌ಪೆಕ್ಟರೂ ಕೈಕಾಲು ಸಡಿಲಿಸಿಕೊಳ್ಳಲು ಎದ್ದವರು ಬೆನ್ನ ಹಿಂದೆ ಬಂದು ನಿಂತರು, ಅವರ ಹಿಂದೆ ಇಬ್ಬರು ಮೇಷ್ಟ್ರು. ಅಕ್ಕನ ಮೇಲ್ದುಟಿಯ ಮೇಲೆ ಬೆವರಿತ್ತು.

“ಪುಟ್ಟ, ಗಾಡಿ ಬಲಕ್ಕೆ ಎಳೀತಾ ಇದೆ ಕಣೋ,” ಅಂದಳು ಮೆಲ್ಲಗೆ, ‘ಪುಟ್ಟ’ ಒಂದು ಬಿಟ್ಟು ಉಳಿದದ್ದು ಹಿಂದಿನವರಿಗೆ ಕೇಳಿಸದ ಹಾಗೆ. ಅಷ್ಟು ಮೆಲ್ಲಗೆ ಅವನೂ ಹೇಳಬಹುದಿತ್ತು. ಒಂದೇ ವಾಕ್ಯ. ಬೆಳಿಗ್ಗೆ ಬಿಚ್ಚಿ ಸರಿಮಾಡಿದೆ, ಹಳದಿ ನೋಡು.

“ಗಾಡಿ ಸರಿ ಇದೆ ಅಕ್ಕ,” ಅಂದ, ಎಲ್ಲರಿಗೂ ಕೇಳಿಸುವ ಹಾಗೆ. ಒಂದು ವರ್ಷದಲ್ಲಿ ಆ ಗಾಡಿಯ ಬಗ್ಗೆ ಅವನು ಆಡಿದ ಮೊದಲ ನಿಜ ಅದು.

“ದಾರ ಮೇಲೇ ಇದೆ, ಆದ್ರೂ ಹೋಗ್ತಿದೆಯಲ್ಲೋ.”

“ದಾರ ಗೀರ ನೋಡ್ಬೇಡ. ಎದುರಿಗೆ ನೋಡು.”

“ನನ್ನ ಕಣ್ಣು ನಂಬೋ ಹಾಗಿದ್ರೆ ದಾರ ಯಾಕೋ ಕಟ್ತಿದ್ದೆ?”

ಅವಳು ಇದನ್ನು ಬೇಸರದಿಂದ ಹೇಳಲಿಲ್ಲ. ಅಂಗಡಿಯಲ್ಲಿ ಬಟ್ಟೆಯ ಅಗಲ ಹೇಳುವ ಹಾಗೆ ಹೇಳಿದಳು. ಅವನು ಕಿಟಕಿಯ ಅಂಚಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದ. ಬಾಯಿ ತೆರೆದದ್ದು ಅವನಿಗೆ ನೆನಪಿದೆ. ಹಿಂದಿನಿಂದ ಯಾರೋ ‘ಪುಟ್ಟ ಅಂತೆ’ ಎಂದು ಪಿಸುಗುಟ್ಟಿದರು, ಯಾರೋ ಕಿಸಕ್ಕೆಂದರು, ಇನ್ಸ್‌ಪೆಕ್ಟರು ಸೀಟಿ ಊದಿದರು. ಅವನು ಗಾಡಿಯ ಮೇಲೆ ಎರಡು ಸಲ ತಟ್ಟಿ, ಹೋಗಲಿ ಎನ್ನುವ ಹಾಗೆ, ಹಿಂದಕ್ಕೆ ಸರಿದ.

ಗಾಡಿ ಸರಿ ಇದೆ ಎಂದು ತಮ್ಮ ಹೇಳಿದ ಮೇಲೆ ಅಕ್ಕ ದಾರವನ್ನು ಇನ್ನೂ ಗಟ್ಟಿಯಾಗಿ ನಂಬಿದಳು. ಈ ಸಲ ನೆತ್ತಿಯಿಂದ ಅದನ್ನು ಅಲುಗಾಡಗೊಡಲಿಲ್ಲ. ಎರಡನೆಯ ಕೋನಿಗೇ ತಗಲಿತು, ಮೂರನೆಯದು ಚಕ್ರದ ಕೆಳಗೆ ಸಿಕ್ಕಿ ಆ ತುದಿಯವರೆಗೂ ಗರಗರನೆ ಎಳೆದುಕೊಂಡು ಹೋಯಿತು. ಯಾರೂ ನಗಲಿಲ್ಲ. ವಯಸ್ಸಾದ ಹೆಂಗಸು, ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದಳು.

“ಏನ್ ಮೇಷ್ಟ್ರೇ,” ಅಂದರು ಇನ್ಸ್‌ಪೆಕ್ಟರು ಕಡ್ಡಿಯನ್ನು ಬಾಯಿಯ ಇನ್ನೊಂದು ಮೂಲೆಗೆ ದಾಟಿಸುತ್ತ. “ವರ್ಷದಿಂದ ನಿಮ್ಮವರು ಒಬ್ರೂ ಫೇಲಾಗಿರ್ಲಿಲ್ಲ. ಊರಿಗೆಲ್ಲಾ ಕಲಿಸಿ ಮನೆಯವ್ರನ್ನ ಬಿಟ್ಬಿಟ್ರಲ್ಲ. ಮುಂದಿನ ತಿಂಗಳು ಕರ್ಕೊಂಡು ಬನ್ನಿ.”

ಅಕ್ಕ ತಾನೇ ಇಳಿದು, ಚಕ್ರದ ಕೆಳಗಿನ ಕೋನನ್ನು ಎಳೆದು, ಮಣ್ಣು ಒರೆಸಿ, ಅದರ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಬಂದಳು. ಗೇಟಿನ ಹೊರಗೆ ನೆರಳಿನಲ್ಲಿ ನಿಂತು ನರ್ಸರಿಗೆ ಫೋನು ಮಾಡಿದಳು. ಅವನು ಪಕ್ಕದ ಸೀಟಿನ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕುತ್ತಿದ್ದವನು, ಹಾಕಿ ಮುಗಿದ ಮೇಲೂ ಡಿಕ್ಕಿಯೊಳಗೇ ತಲೆಯಿಟ್ಟುಕೊಂಡು ಕೇಳಿಸಿಕೊಂಡ.

“ಆಗ್ಲಿಲ್ಲ ಅಮ್ಮ... ಇಲ್ಲ ಇಲ್ಲ, ನನ್ನ ತಮ್ಮ ಚೆನ್ನಾಗೇ ಹೇಳಿಕೊಟ್ಟ, ಪಾಪ, ತನ್ನ ಕೆಲಸ ಬಿಟ್ಟು. ನನ್ನ ಕಣ್ಣಿನದು... ಹೂಂ, ಹುಟ್ಟಿನಿಂದ ಇದೆ. ನಿಮಗೆ ಮೊದಲೇ ಹೇಳಬೇಕಿತ್ತು ನಾನು. ಮುಂದಿನ ತಿಂಗಳಾದ್ರೂ ಅದೇ ಕಣ್ಣಲ್ವಾ. ಬೇರೆಯವರನ್ನ ನೋಡ್ಕೊಳ್ಳಿ ಅಮ್ಮ, ಗಿಡ ಒಣಗಿಸ್ಕೋಬೇಡಿ.”

ಅವಳು ಬಂದು ಮುಂದೆಯೇ, ಅವನ ಜಾಗದಲ್ಲಿ, ಕೂತಳು. ಗಾಡಿ ಹೊರಟಿತು. ಸೇತುವೆ ಬಂತು. ಈಗ ಹೇಳಬಹುದು, ಕೇಳಿಸಿಕೊಳ್ಳುವವರು ಯಾರೂ ಇಲ್ಲ, ಈಗಿಂದೀಗಲೇ ಗಾಡಿ ತಿರುಗಿಸಿ ನರ್ಸರಿಗೆ ಹೋಗಿ ಆ ಯಜಮಾನಿಗೂ ಹೇಳಬಹುದು, ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸುತ್ತಿರುವಾಗಲೇ, ರಾತ್ರಿ ಮನೆಗೆ ಹೋದರೆ ಬಾಗಿಲ ಹಿಂದೆ ಮಷೀನು ಅಲ್ಲೇ ಇರುತ್ತದೆ, ಓರೆಯಾಗಿ ಒಳಗೆ ಹೋಗಬೇಕು, ಎಂಬ ಯೋಚನೆ ಬಂದು, ಅದರಿಂದ ಬೇಸರವಾಯಿತೋ ನೆಮ್ಮದಿಯಾಯಿತೋ ತಿಳಿಯದೆ ಗೇರು ಬದಲಿಸಿದ. ಅಕ್ಕ ತಲೆಯನ್ನು ಚೂರು ವಾಲಿಸಿ ಸ್ಟೀರಿಂಗನ್ನೇ ನೋಡುತ್ತಿದ್ದಳು.

“ಪುಟ್ಟ.”

“ಹೂಂ.”

“ಆ ಕಡೆ ಕೂತಾಗ ಇದು ನಂಗೆ ಬಲಕ್ಕೆ ವಾಲಿದ ಹಾಗೆ ಕಾಣ್ತಿತ್ತು, ಮೊದಲ್ನೇ ದಿನ ನಿಂಗೆ ಹೇಳಿದ್ನಲ್ಲ. ಈಗ ಇಲ್ಲಿ ಕೂತು ನೋಡಿದ್ರೆ ಎಡಕ್ಕೆ ವಾಲಿದೆ.” ತಲೆಯನ್ನು ಇನ್ನೊಂದು ಕಡೆಗೆ ವಾಲಿಸಿ ನೋಡಿದಳು. “ಇರೋದು ಒಂದೇ ಸ್ಟೀರಿಂಗು. ಹಂಗಾದ್ರೆ ವಾರೆ ಇರೋದು ಯಾವ್ದು, ನೀನೇ ಹೇಳು.”

ಗೊತ್ತಾಗಿಬಿಟ್ಟಿತು ಅಂದುಕೊಂಡ, ಗೊತ್ತಾಗಿಬಿಟ್ಟರೆ ಎಷ್ಟು ಚೆನ್ನ ಎಂದೂ ಅಂದುಕೊಂಡ. ಗಾಡಿಯನ್ನು ಪಕ್ಕಕ್ಕೆ ತೆಗೆಯಲು ಹೊರಟವನು ಅವಳ ಮುಖ ನೋಡಿದ. ಅವಳು ನಗುತ್ತಿದ್ದಳು, ಹಿಂದಿನ ಸೀಟಿನ ಶಿಷ್ಯರ ಜೊತೆ ನಕ್ಕಳಲ್ಲ, ಹಾಗೆ.

“ನೀನು ಅವತ್ತೇ ಹೇಳಿದ್ದೆ. ನಾನೇ ಕೇಳ್ಲಿಲ್ಲ. ನನ್ನ ಕಣ್ಣೇ ಸರಿ ಅಂತ ಹಟ ಮಾಡಿ ದಾರ ಬೇರೆ ಕಟ್ದೆ.”

ಅವನು ಗಾಡಿಯನ್ನು ಪಕ್ಕಕ್ಕೆ ತೆಗೆಯಲಿಲ್ಲ.

“ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗಿ ತೋರಿಸ್ಕೊಂಡು ಬರೋಣ ಅಕ್ಕ,” ಅಂದ. ಅವನ ದನಿಯಲ್ಲಿ ಪ್ರೀತಿಯಿತ್ತು. ನಾಟಕವಲ್ಲ, ನಿಜವಾದ ಪ್ರೀತಿಯೇ. ಅದು ಅವನ ಕಿವಿಗೇ ಕೇಳಿಸಿತು.

“ಹೂಂ,” ಅಂದಳು ಅಕ್ಕ. ಕೈಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಸೀಟಿಗೆ ಒರಗಿದಳು. “ನೀನೇ ಕರ್ಕೊಂಡು ಹೋಗು. ನೀನು ಓಡಿಸಿದ್ರೆ ಎಷ್ಟು ನೇರ ಹೋಗುತ್ತೆ ನೋಡು.”